ಗೇರುಪೆಟ್ಟಿಗೆಯನ್ನು ಬಿಚ್ಚುವ ಮೊದಲು

ಮೋಟಾರ್ ಸೈಕಲ್ಲಿನ ಅಂಗಾಂಗಗಳ ಪೈಕಿ ಗೇರುಪೆಟ್ಟಿಗೆಯಷ್ಟು ಸುಲಭವಾಗಿ ಆರೋಪಕ್ಕೆ ಗುರಿಯಾಗುವ ಅಂಗವೂ, ಸಾವಧಾನದಿಂದ ವಿಚಾರಿಸಿ ನೋಡಿದರೆ ಅದರಷ್ಟು ಮೇಲಿಂದ ಮೇಲೆ ನಿರ್ದೋಷಿಯೆಂದು ಸ್ಥಿರಪಡುವ ಅಂಗವೂ ಮತ್ತೊಂದಿರಲಾರದು. ಗೇರು ಬೀಳುತ್ತಿಲ್ಲ, ಬಿದ್ದ ಗೇರು ನಿಲ್ಲುತ್ತಿಲ್ಲ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಕ್ಕುತ್ತಿಲ್ಲ, ಎಂಜಿನ್ನು ಕೂಗಿಕೊಳ್ಳುತ್ತದೆಯೇ ಹೊರತು ಗಾಡಿ ಎಳೆಯುತ್ತಿಲ್ಲ ಎಂದು ಸವಾರನು ತನ್ನ ಕಷ್ಟವನ್ನು ನಿವೇದಿಸಿಕೊಂಡರೆ, ಗ್ಯಾರೇಜಿನಲ್ಲಿ ಅವನಿಗೆ ಬಹುಮಟ್ಟಿಗೆ ಕೇಳಿಬರುವ ಮೊದಲ ಮಾತು "ಎಂಜಿನ್ ಇಳಿಸಬೇಕು ಸಾರ್" ಎಂಬುದೇ ಆಗಿರುತ್ತದೆ. ಈಗಿನ ಬಹುತೇಕ ವಾಹನಗಳಲ್ಲಿ ಎಂಜಿನ್ನೂ ಗೇರುಗಳೂ ಒಂದೇ ಕವಚದೊಳಗೆ ಕೂಡಿಕೊಂಡಿರುವುದರಿಂದ, ಗೇರಿನ ಒಂದು ಚಕ್ರವನ್ನು ಕಣ್ಣಾರೆ ಕಾಣಬೇಕಾದರೂ ಆ ಕವಚವನ್ನು ಎರಡು ಹೋಳಾಗಿ ಬಿಡಿಸಬೇಕಾಗುತ್ತದೆ. ಬದಲಾಯಿಸುವ ಭಾಗದ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಅನೇಕ ವೇಳೆ ಮಿಗಿಲಾಗುತ್ತದೆ. ಅಷ್ಟೆಲ್ಲ ಆದ ಮೇಲೆ ದೋಷವಿದ್ದದ್ದು ಹ್ಯಾಂಡಲ್ಲಿನ ಬಳಿಯ ಕೇಬಲ್ಲಿನಲ್ಲಿ ಎಂದು ತಿಳಿದುಬಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆಗೆ ಅದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗುವುದಿಲ್ಲ.

ಆದುದರಿಂದ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಕ್ಕೆ ಮುನ್ನ ಶಕ್ತಿಯು ಸಂಚರಿಸುವ ದಾರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಉಚಿತ. ಪಿಸ್ಟನ್ನಿನ ಏರಿಳಿತವನ್ನು ಕ್ರ್ಯಾಂಕ್ ತಿರುಗುವಿಕೆಯಾಗಿ ಮಾರ್ಪಡಿಸುತ್ತದೆ. ಆ ತಿರುಗುವಿಕೆ ಒಂದು ಜೊತೆ ಹಲ್ಲಿನ ಚಕ್ರಗಳ ಮೂಲಕವೋ, ಹಳೆಯ ಬುಲೆಟ್ಟು ಜಾವಾಗಳಲ್ಲಾದರೆ ಒಂದು ಒಳಚೈನಿನ ಮೂಲಕವೋ ಕ್ಲಚ್ಚನ್ನು ಮುಟ್ಟುತ್ತದೆ. ಕ್ಲಚ್ಚಿನಿಂದ ಗೇರುಪೆಟ್ಟಿಗೆಯ ಮೊದಲ ದಂಡಕ್ಕೂ, ಅಲ್ಲಿ ಆಯ್ದ ಒಂದು ಜೊತೆ ಚಕ್ರಗಳ ದಾರಿಯಾಗಿ ಮುಂದಿನ ಸ್ಪ್ರಾಕೆಟ್ಟಿಗೂ, ಅದರಿಂದ ಹೊರಚೈನಿಗೂ, ಹಿಂದಿನ ಸ್ಪ್ರಾಕೆಟ್ಟಿಗೂ, ಹಬ್ಬಿನೊಳಗಿನ ರಬ್ಬರುಗಳಿಗೂ, ಕಡೆಗೆ ಟಯರಿಗೂ ಸಾಗಿಹೋಗುತ್ತದೆ. ಈ ಮಾರ್ಗದಲ್ಲಿ ಲೋಹದ ಕವಚದೊಳಗೆ ಅಡಗಿ ಕಣ್ಣಿಗೆ ಬೀಳದಿರುವುದು ಮಧ್ಯದ ಒಂದು ತುಂಡು ಮಾತ್ರ. ಉಳಿದದ್ದೆಲ್ಲ ಕೈಗೆ ಎಟಕುವಂಥದು, ಮತ್ತು ಬೇಗ ಸವೆಯುವುದೂ ಅದೇ.

ಇನ್ನೊಂದು ವಿಷಯದಲ್ಲಿ ಸಾಮಾನ್ಯವಾಗಿರುವ ಭ್ರಾಂತಿಯನ್ನು ನಿವಾರಿಸಿಕೊಳ್ಳದೆ ಮುಂದುವರಿಯುವುದು ತರವಲ್ಲ. ಗೇರು ಹಾಕಿದಾಗ ಒಂದು ಚಕ್ರದ ಹಲ್ಲು ಮತ್ತೊಂದರ ಹಲ್ಲಿನೊಳಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ ಎಂದು ಅನೇಕರು ಊಹಿಸಿದ್ದಾರೆ. ಆದರೆ ಮೋಟಾರ್ ಸೈಕಲ್ಲಿನ ಗೇರುಪೆಟ್ಟಿಗೆಯಲ್ಲಿ ಎಲ್ಲ ಜೊತೆಗಳ ಹಲ್ಲುಗಳೂ ಸರ್ವದಾ ಕೂಡಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೊತೆಯಲ್ಲಿಯೂ ಒಂದು ಚಕ್ರವು ತನ್ನ ದಂಡದ ಮೇಲೆ ಸುಮ್ಮನೆ ಸುತ್ತುವಂತೆ ಸಡಿಲವಾಗಿರುತ್ತದೆ. ನಮ್ಮ ಕಾಲು ಲಿವರನ್ನು ಒತ್ತಿದಾಗ ಒಳಗಿನ ಡ್ರಮ್ಮು ತಿರುಗಿ, ಅದರ ಕೊರೆಗಳಲ್ಲಿ ಸಿಕ್ಕ ಫೋರ್ಕು ಪಕ್ಕದ ಚಕ್ರವನ್ನು ಸರಿಸಿ, ಅದರ ಮಗ್ಗುಲಲ್ಲಿರುವ ದಪ್ಪ ಗೂಟಗಳನ್ನು ಈ ಸಡಿಲ ಚಕ್ರದ ಗೂಟಗಳಿಗೆ ಸಿಕ್ಕಿಸಿ ಅದನ್ನು ದಂಡಕ್ಕೆ ಕಟ್ಟಿಹಾಕುತ್ತದೆ. ಮೆಕ್ಯಾನಿಕ್ಕರ ಬಾಯಲ್ಲಿ ಈ ಗೂಟಗಳಿಗೆ ಡಾಗ್ ಎಂದು ಹೆಸರು. ನಿಂತ ಗಾಡಿಯನ್ನು ಮೊದಲ ಗೇರಿಗೆ ಹಾಕಿದಾಗ ಕೇಳಿಸುವ 'ಟಕ್' ಎಂಬ ಸದ್ದು ಗೂಟಕ್ಕೆ ಗೂಟ ತಗುಲಿದ ಸದ್ದು, ಅದು ರೋಗವಲ್ಲ. ಎಂಜಿನ್ನು ಆರಿಸಿ ಗಾಡಿಯನ್ನು ನಿಲ್ಲಿಸಿಕೊಂಡು ಒಂದೊಂದೇ ಗೇರು ಹಾಕಹೊರಟವರಿಗೆ ಎರಡನೆಯದೋ ಮೂರನೆಯದೋ ಬೀಳದೆ ಹೋಗುವುದಕ್ಕೂ ಇದೇ ಕಾರಣ: ಗೂಟಗಳು ಎದುರುಬದುರಾಗಿ ನಿಂತಿರುತ್ತವೆ. ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಅಷ್ಟಿಷ್ಟು ಅಲ್ಲಾಡಿಸಿದರೆ ಗೂಟಕ್ಕೆ ಸಂದು ಸಿಕ್ಕಿ ಗೇರು ಬೀಳುತ್ತದೆ.

ಹೀಗೆ ಅಲ್ಲಾಡಿಸುತ್ತ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ನು ಚಾಲೂ ಇರುವಾಗ ಮಾತ್ರ ಗೇರು ಗಡುಸಾಗುವುದಾದರೆ, ಗೇರುಪೆಟ್ಟಿಗೆಯನ್ನು ಅಲ್ಲಿಗೇ ಬಿಟ್ಟು ಕ್ಲಚ್ಚಿನ ಕಡೆಗೆ ತಿರುಗಬೇಕು. ಇಡೀ ಪರೀಕ್ಷಾಕ್ರಮದಲ್ಲಿ ಇಷ್ಟು ಅಗ್ಗವಾಗಿ ಇಷ್ಟೊಂದನ್ನು ತಿಳಿಸಿಕೊಡುವ ಪರೀಕ್ಷೆ ಬೇರೆಯಿಲ್ಲವಾದರೂ ಇದನ್ನು ಮಾಡಿ ನೋಡುವವರು ವಿರಳ. ಲಿವರನ್ನು ಪೂರ್ತಿ ಹಿಡಿದಿದ್ದರೂ ಕ್ಲಚ್ಚು ಪೂರ್ತಿ ಬಿಡದೆ ಇರುವುದೇ ಇಲ್ಲಿಯ ದೋಷ. ಗಾಡಿ ತಾನಾಗಿ ಮುಂದಕ್ಕೆ ತೆವಳುವುದು, ಮೊದಲ ಗೇರು ಕರಕರನೆ ಬೀಳುವುದು, ನಿಂತಾಗ ನ್ಯೂಟ್ರಲ್ ಸಿಕ್ಕದೆ ಎಂಜಿನ್ನು ಆರಿಸಿದೊಡನೆ ಸಿಕ್ಕುವುದು, ಇವೆಲ್ಲ ಅದರ ಲಕ್ಷಣಗಳು. ಕೇಬಲ್ಲಿನ ಒಳಗಿನ ಎಳೆಗಳು ಒಂದೊಂದಾಗಿ ಹರಿದು ಉದ್ದವಾಗಿರಬಹುದು. ಲಿವರಿನ ಸಡಿಲು ಮಿತಿಮೀರಿರಬಹುದು. ಮಳೆಗಾಲವೆಲ್ಲ ಮೂಲೆಯಲ್ಲಿ ನಿಂತಿದ್ದ ಗಾಡಿಯಾದರೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಕೊನೆಯದಾದರೆ ಎಂಜಿನ್ನನ್ನು ಕಾಯಿಸಿ ಆರಿಸಿ, ಗೇರಿನಲ್ಲಿಟ್ಟು ಕ್ಲಚ್ಚು ಹಿಡಿದು ಹಿಂದೆ ಮುಂದೆ ನೂಕಿದರೆ ಅನೇಕ ವೇಳೆ ಬಿಟ್ಟುಕೊಳ್ಳುತ್ತವೆ. ಸಾಧಾರಣ ಗಾಡಿಗಳಲ್ಲಿ ಕ್ಲಚ್ ಲಿವರಿನ ತುದಿಯಲ್ಲಿ ಅಳೆದರೆ 10ರಿಂದ 20 ಮಿಲಿಮೀಟರಿನಷ್ಟು ಬರಿಯ ಓಟವಿದ್ದು, ಅನಂತರ ಸ್ಪ್ರಿಂಗಿನ ಬಿಗಿ ಕೈಗೆ ತಿಳಿಯಬೇಕು. ಇದಕ್ಕಿಂತ ಹೆಚ್ಚಾದರೆ ಕ್ಲಚ್ಚು ಬಿಡುವುದಿಲ್ಲ. ಸಡಿಲೇ ಇಲ್ಲದಿದ್ದರೆ ಹಿಡಿಯುವುದಿಲ್ಲ.

ಹಿಡಿಯದ ಕ್ಲಚ್ಚು, ಅಂದರೆ ಜಾರುವ ಕ್ಲಚ್ಚು, ಸಮತಟ್ಟಾದ ಊರಬೀದಿಗಳಲ್ಲಿ ಬಹುಕಾಲ ಗುಟ್ಟಾಗಿ ಉಳಿದಿದ್ದು, ಆಗುಂಬೆಯಂಥ ಘಾಟಿಯನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತತೊಡಗಿದಾಗ ಬಯಲಾಗುತ್ತದೆ. ಅದನ್ನು ಘಾಟಿಯ ತನಕ ಕಾಯದೆ ಮನೆಯ ಹತ್ತಿರವೇ ಕಂಡುಕೊಳ್ಳಬಹುದು. ವಾಹನಸಂಚಾರವಿಲ್ಲದ ರಸ್ತೆಯಲ್ಲಿ ಮಧ್ಯಮ ವೇಗದಲ್ಲಿ ಮೇಲಿನ ಗೇರಿಗೆ ಬಂದು, ಆಕ್ಸಿಲರೇಟರನ್ನು ಒಮ್ಮೆಗೇ ತಿರುವಿದರೆ, ಆರೋಗ್ಯವಂತ ಗಾಡಿಯಲ್ಲಿ ಎಂಜಿನ್ನಿನ ಧ್ವನಿಯೂ ಗಾಡಿಯ ವೇಗವೂ ಒಟ್ಟಿಗೆ ಏರುತ್ತವೆ. ಧ್ವನಿ ಮಾತ್ರ ಮುಂದೋಡಿ ವೇಗವು ಹಿಂದುಳಿದರೆ ಕ್ಲಚ್ಚು ಜಾರುತ್ತಿದೆ. ಕೆಳಗಿನ ಗೇರುಗಳಲ್ಲಿ ಕ್ಲಚ್ಚಿನ ಮೇಲೆ ಬೀಳುವ ಭಾರ ಕಡಮೆಯಾದ್ದರಿಂದ ಅಲ್ಲಿ ಇದು ಕಾಣಿಸದೆ ಹೋಗಬಹುದು. "ಪ್ಲೇಟ್ ಹೋಗಿದೆ" ಎಂಬ ತೀರ್ಪು ಕೊಡುವುದಕ್ಕೆ ಮೊದಲು ಲಿವರಿನ ಸಡಿಲನ್ನೂ, ಇತ್ತೀಚೆಗೆ ಬದಲಾಯಿಸಿದ ಆಯಿಲನ್ನೂ ವಿಚಾರಿಸತಕ್ಕದ್ದು. ನಾಲ್ಕು ಹೊಡೆತದ ಎಂಜಿನ್ನುಗಳಲ್ಲಿ ಬಹುಮಟ್ಟಿಗೆ ಒಂದೇ ಆಯಿಲಿನಲ್ಲಿ ಎಂಜಿನ್ನೂ ಗೇರೂ ಕ್ಲಚ್ಚೂ ಮುಳುಗಿರುವುದರಿಂದ, ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸಿದ ಕಾರಿನ ಆಯಿಲನ್ನು ಇದಕ್ಕೆ ಹೊಯ್ದರೆ ಹೊಸ ಪ್ಲೇಟುಗಳೂ ಜಾರತೊಡಗುತ್ತವೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಎಂಬ ಗುರುತಿದೆಯೇ ಎಂದು ನೋಡಿಕೊಳ್ಳುವುದೇ ಇದಕ್ಕೆ ಉಪಾಯ. ಬೆಲೆ ಹೆಚ್ಚಿನ ಆಯಿಲು ಅಷ್ಟು ಮಾತ್ರಕ್ಕೇ ಉತ್ತಮ ಆಯಿಲಾಗುವುದಿಲ್ಲ.

ಕಿಕ್ಕರ್ ತುಳಿದಾಗ ಎಂಜಿನ್ನು ತಿರುಗದೆ ಕಾಲು ಬರಿದೆ ಕೆಳಗಿಳಿಯುವ ಸಂದರ್ಭ ಬಂದರೂ ಹೀಗೆಯೇ ಎರಡು ಆಪಾದಿತರು ಎದುರಿಗೆ ನಿಲ್ಲುತ್ತಾರೆ. ಬುಲೆಟ್ಟು ಜಾವಾಗಳಲ್ಲಿ ಕಿಕ್ಕರಿನ ಬಲವು ಕ್ಲಚ್ಚನ್ನು ಹಾದುಕೊಂಡೇ ಎಂಜಿನ್ನಿಗೆ ತಲಪುವುದರಿಂದ, ಜಾರುವ ಕ್ಲಚ್ಚೂ ಕಾಲನ್ನು ಬರಿದೆ ಇಳಿಸೀತು, ಸವೆದ ಕಿಕ್ಕರ್ ಹಲ್ಲೂ ಇಳಿಸೀತು. ಎಂಜಿನ್ನು ಆರಿಸಿ, ಮೇಲಿನ ಗೇರಿನಲ್ಲಿಟ್ಟು, ಕ್ಲಚ್ ಲಿವರನ್ನು ಮುಟ್ಟದೆ ಗಾಡಿಯನ್ನು ನೂಕಿ ನೋಡಿ: ಎಂಜಿನ್ನಿನ ಒತ್ತಡ ಎದುರು ನಿಂತು ಗಾಡಿಯನ್ನು ತಡೆದರೆ ಕ್ಲಚ್ಚು ನಿರಪರಾಧಿ, ಏನೂ ತಡೆಯಿಲ್ಲದೆ ಗಾಡಿ ಉರುಳಿಕೊಂಡು ಹೋದರೆ ಕ್ಲಚ್ಚೇ ಅಪರಾಧಿ.

ಇನ್ನು ಚೈನು. ಕ್ಲಚ್ಚಿನ ಮೇಲೂ ಗೇರಿನ ಮೇಲೂ ಹೊರಿಸಲಾಗುವ ಅಪವಾದಗಳಲ್ಲಿ ದೊಡ್ಡ ಪಾಲು ವಾಸ್ತವವಾಗಿ ಸಲ್ಲತಕ್ಕದ್ದು ಇದಕ್ಕೆ. ಅದರಲ್ಲಿಯೂ ಚೈನಿಗೆ ಪೂರ್ತಿ ಮುಚ್ಚುಗವಸಿರುವ ನಮ್ಮ ದೇಶದ ದಿನಬಳಕೆಯ ಗಾಡಿಗಳಲ್ಲಿ, ಕಣ್ಣಿಗೆ ಬೀಳದ ಕಾರಣಕ್ಕೇ ಚೈನನ್ನು ವರ್ಷಗಟ್ಟಲೆ ಯಾರೂ ವಿಚಾರಿಸಿಕೊಳ್ಳುವುದಿಲ್ಲ. ಸಡಿಲಗೊಂಡ ಚೈನು ಆಕ್ಸಿಲರೇಟರು ಬಿಟ್ಟು ಹಿಡಿಯುವಾಗಲೆಲ್ಲ ಗಾಡಿಯನ್ನು ಜಗ್ಗಿಸುತ್ತದೆ. ಗೇರು ಬದಲಾಯಿಸುವಾಗ ಆ ಜಗ್ಗು ಗೇರುಪೆಟ್ಟಿಗೆಯ ಒದೆತದಂತೆ ಭಾಸವಾಗುತ್ತದೆ. ಮತ್ತೂ ಸವೆದರೆ, ಎಳೆತ ಹೆಚ್ಚಿದಾಗ ಹಲ್ಲಿನ ಮೇಲಿಂದ ಚೈನು ಹಾರಿ, ಗೇರೇ ತಪ್ಪಿತೆಂಬ ಭ್ರಮೆ ಹುಟ್ಟುತ್ತದೆ. ಕ್ಲಚ್ಚು ಜಾರುವುದು ನಯವಾಗಿ, ನಿಶ್ಶಬ್ದವಾಗಿ. ಚೈನು ಹಾರುವುದು 'ಕಟಕಟ' ಎಂಬ ಏಟಿನೊಡನೆ, ಅದರ ಪೆಟ್ಟು ಕಾಲಿಡುವ ಫುಟ್‌ರೆಸ್ಟಿಗೂ ತಿಳಿಯುವಂತೆ. ಈ ಎರಡನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕಳೆದಂತೆ.

ಪರೀಕ್ಷೆಗೆ ಎಂಜಿನ್ನು ಆರಿಸಿರಲೇಬೇಕು. ತಿರುಗುತ್ತಿರುವ ಚೈನಿನ ಬಳಿ ಬಟ್ಟೆ ಹಿಡಿದು ಒರೆಸಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಡಬಲ್ ಸ್ಟ್ಯಾಂಡು ಹಾಕಿ, ನ್ಯೂಟ್ರಲಿನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕೆಳಗಿನ ಎಳೆಯ ನಡುಮಧ್ಯದಲ್ಲಿ ಚೈನು ಮೇಲಕ್ಕೂ ಕೆಳಕ್ಕೂ ಎಷ್ಟು ಆಡುತ್ತದೆಂದು ಹಲವು ಕಡೆ ಅಳೆಯಬೇಕು. ಸಣ್ಣ ಗಾಡಿಗಳಿಗೆ ಸುಮಾರು 25 ಮಿಲಿಮೀಟರಿನ ಆಸುಪಾಸು ವಾಡಿಕೆಯಾದರೂ ಆಯಾ ಗಾಡಿಯ ಕೈಪಿಡಿಯ ಮಾತೇ ಪ್ರಮಾಣ. ಒಂದು ಕಡೆ ಜೋಲುಬಿದ್ದು ಮತ್ತೊಂದು ಕಡೆ ಬಿಗಿಯುವ ಚೈನನ್ನು ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅದರ ಕೊಂಡಿಗಳು ಒಂದೇ ಸಮನಾಗಿ ಸವೆದಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದು ಹೊರಕ್ಕೆ ಎಳೆದಾಗ ಹಲ್ಲಿನ ಅರ್ಧದಷ್ಟು ಕಂಡರೆ ಅದರ ಆಯುಸ್ಸು ಮುಗಿದಿದೆ. ಇನ್ನೂ ನಿಖರವಾಗಿ ತಿಳಿಯಬೇಕೆನ್ನುವವರು ಅಳತೆಯ ಪಟ್ಟಿ ಹಿಡಿಯಬಹುದು: ಸಣ್ಣ ಗಾಡಿಗಳ 428 ಸಂಖ್ಯೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರಿನ ಅಂತರವಾದ್ದರಿಂದ, ಬಿಗಿಯಾಗಿ ಎಳೆದು 21 ಪಿನ್ನುಗಳ ಉದ್ದವನ್ನು ಅಳೆದರೆ, ಹೊಸದರಲ್ಲಿ 254 ಮಿಲಿಮೀಟರು ಬರಬೇಕು. ಅದು 259ರ ಹತ್ತಿರಕ್ಕೆ ಬಂದಿದ್ದರೆ ಶೇಕಡಾ 2ರಷ್ಟು ಹಿಗ್ಗಿತೆಂದೂ ಬದಲಾಯಿಸುವ ಕಾಲ ಬಂದಿತೆಂದೂ ತಿಳಿಯಬೇಕು. ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ಪಕ್ಕಕ್ಕೆ ಬಾಗಿ ಕೊಕ್ಕೆಯಾಗಿದ್ದರೆ ಚೈನು, ಮುಂದಿನ ಸ್ಪ್ರಾಕೆಟ್ಟು, ಹಿಂದಿನ ಸ್ಪ್ರಾಕೆಟ್ಟು ಈ ಮೂರನ್ನೂ ಒಟ್ಟಿಗೇ ಬದಲಾಯಿಸತಕ್ಕದ್ದು. ಹೊಸ ಚೈನನ್ನು ಹಳೆಯ ಹಲ್ಲಿಗೆ ಕಟ್ಟುವ ಮಿತವ್ಯಯವು ಕೆಲವೇ ತಿಂಗಳಲ್ಲಿ ಎರಡು ಪಟ್ಟು ವೆಚ್ಚವಾಗಿ ಪರಿಣಮಿಸುತ್ತದೆ. ಬಿಗಿ ಅತಿಯಾಗುವುದಂತೂ ಸಡಿಲಿಗಿಂತ ಕೆಟ್ಟದ್ದು. ಸವಾರ ಕುಳಿತು ಹಿಂದಿನ ಶಾಕ್ ಅಬ್ಸಾರ್ಬರು ಇಳಿದಾಗ ಚೈನು ಮತ್ತಷ್ಟು ಬಿಗಿದು, ಮುಂದಿನ ಸ್ಪ್ರಾಕೆಟ್ಟನ್ನು ಹೊತ್ತ ದಂಡದ ಬೇರಿಂಗನ್ನೂ ಆಯಿಲ್ ಸೀಲನ್ನೂ ಹಾಳುಮಾಡುತ್ತದೆ. ಹೊರಗಿನ ಉಪೇಕ್ಷೆಯು ಒಳಗಿನ ರೋಗವಾಗುವುದು ಈ ದಾರಿಯಿಂದಲೇ.

ಕಾಲಿನ ಲಿವರನ್ನೂ ಒಮ್ಮೆ ನೋಡಿಕೊಳ್ಳಿ. ಗಾಡಿ ಬಿದ್ದಾಗ ಬಾಗಿದ ಲಿವರು ಕವಚಕ್ಕೆ ತಗುಲಿ ಪೂರ್ತಿ ಓಟ ಸಿಕ್ಕದೆ ಹೋಗುವುದೂ, ಅದರ ಬೋಲ್ಟು ಸಡಿಲಗೊಂಡು ದಂಡದ ಗೀರುಗಳು ಸವೆಯುವುದೂ ಸಾಮಾನ್ಯ. ಇವು ನೇರವಾಗಿದ್ದೂ ಲಿವರು ಒತ್ತಿದ ಮೇಲೆ ತನ್ನ ಜಾಗಕ್ಕೆ ಮರಳದಿದ್ದರೆ ಒಳಗಿನ ರಿಟರ್ನ್ ಸ್ಪ್ರಿಂಗು ಮುರಿದಿದೆ. ಅನೇಕ ಗಾಡಿಗಳಲ್ಲಿ ಕ್ಲಚ್ಚಿನ ಕಡೆಯ ಮುಚ್ಚಳ ತೆಗೆದರೇ ಅದು ಸಿಕ್ಕುತ್ತದೆ, ಎಂಜಿನ್ನು ಇಳಿಸಬೇಕಾಗಿಲ್ಲ.

ಇವೆಲ್ಲ ಸರಿಯಾಗಿದ್ದೂ, ಬಿದ್ದ ಗೇರು ತಾನಾಗಿ ಕಳಚಿಕೊಳ್ಳುವುದಾದರೆ ಆಗ ಮಾತ್ರ ಗೇರುಪೆಟ್ಟಿಗೆಯನ್ನು ಸಂಶಯಿಸಲು ನಮಗೆ ಹಕ್ಕು ಬರುತ್ತದೆ. ಕಳಚುವುದು ಯಾವಾಗ ಎಂಬುದನ್ನು ಗಮನಿಸಬೇಕು. ಎಂಜಿನ್ನು ಬಲವಾಗಿ ಎಳೆಯುವಾಗ ಒಂದು ಗೊತ್ತಾದ ಗೇರು ಮಾತ್ರ, ಹೆಚ್ಚಾಗಿ ಎರಡನೆಯದು, ಹಾರಿಬೀಳುವುದಾದರೆ ಆ ಗೇರಿನ ಗೂಟಗಳ ಅಂಚು ಸವೆದು ಗುಂಡಗಾಗಿರಬೇಕು, ಇಲ್ಲವೆ ಫೋರ್ಕು ಬಾಗಿರಬೇಕು. ಕ್ಲಚ್ಚನ್ನು ಪೂರ್ತಿ ಹಿಡಿಯದೆ ಗೇರು ತುಳಿಯುವ ಅಭ್ಯಾಸವುಳ್ಳವರ ಗಾಡಿಗಳಿಗೆ ಇದು ಬೇಗ ಪ್ರಾಪ್ತವಾಗುತ್ತದೆ. ಎಳೆತವಿಲ್ಲದೆ ಇಳಿಜಾರಿನಲ್ಲಿಯೋ ಗುಂಡಿ ದಾಟುವಾಗಲೋ ಯಾವ ಗೇರು ಬೇಕಾದರೂ ಜಾರಿದರೆ, ಡ್ರಮ್ಮನ್ನು ಪ್ರತಿ ಗೇರಿನ ಸ್ಥಾನದಲ್ಲಿಯೂ ಹಿಡಿದು ನಿಲ್ಲಿಸುವ ಸಣ್ಣ ಸ್ಪ್ರಿಂಗು ನಿತ್ರಾಣವಾಗಿರುವುದು ಸಂಭವ. ಮೊದಲನೆಯದು ದೊಡ್ಡ ಖರ್ಚು, ಎರಡನೆಯದು ಬಹುಶಃ ಅಲ್ಪ.

ಸದ್ದುಗಳ ವಿಚಾರ ಸ್ವಲ್ಪ ವಿಸ್ತಾರವನ್ನು ಬೇಡುತ್ತದೆ. ಗಾಡಿಯನ್ನು ನ್ಯೂಟ್ರಲಿನಲ್ಲಿ ಚಾಲೂ ಇಟ್ಟು ಕ್ಲಚ್ಚನ್ನು ಹಿಡಿದು ಬಿಟ್ಟು ಮಾಡುತ್ತ ಕಿವಿಗೊಡಿ. ಕ್ಲಚ್ಚು ಬಿಟ್ಟಿರುವಾಗ ಮೊದಲ ದಂಡವು ಎಂಜಿನ್ನಿನೊಡನೆ ತಿರುಗುತ್ತಿರುತ್ತದೆ, ಹಿಡಿದಾಗ ನಿಧಾನವಾಗಿ ನಿಲ್ಲುತ್ತದೆ. ಆದ್ದರಿಂದ ಬಿಟ್ಟಾಗ ಇದ್ದು ಹಿಡಿದಾಗ ಅಡಗುವ 'ಘರ್ರ್' ಎಂಬ ಎಡೆಬಿಡದ ಸದ್ದು ಆ ದಂಡದ ಬೇರಿಂಗಿನದು. ಐಡ್ಲಿಂಗಿನಲ್ಲಿ ಕಡಕಡ ಎನ್ನುತ್ತಿದ್ದು ಎಂಜಿನ್ನಿನ ವೇಗ ಏರಿಸಿದರೆ ಮಾಯವಾಗುವ ಸದ್ದಾದರೆ ಕ್ಲಚ್ಚಿನ ಹೊರಬುಟ್ಟಿ ಅಲುಗುತ್ತಿರುವುದೇ ಹೆಚ್ಚು ಸಂಭವ. ಹಿಡಿದಾಗ ಮಾತ್ರ ಹುಟ್ಟುವ ಸದ್ದು ಕ್ಲಚ್ಚನ್ನು ಒತ್ತುವ ಬೇರಿಂಗಿಗೆ ಸೇರಿದ್ದು. ಓಡುತ್ತಿರುವಾಗ ಒಂದೇ ಗೇರಿನಲ್ಲಿ ಕೇಳಿಸುವ ಊಳು ಆ ಗೇರಿನ ಜೊತೆಚಕ್ರಗಳದ್ದು. ಇಳಿಜಾರಿನಲ್ಲಿ ಕ್ಲಚ್ಚು ಹಿಡಿದು ಎಂಜಿನ್ನನ್ನು ಐಡ್ಲಿಂಗಿಗೆ ಇಳಿಸಿದರೂ ಸದ್ದು ಗಾಡಿಯ ವೇಗವನ್ನೇ ಅನುಸರಿಸಿದರೆ, ಮೊದಲು ನೋಡಬೇಕಾದದ್ದು ಚೈನನ್ನು ಮತ್ತು ಚಕ್ರದ ಬೇರಿಂಗುಗಳನ್ನು. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಕವಚಕ್ಕೂ ಹಿಡಿಯನ್ನು ಕಿವಿಯ ಮುಂದಣ ಎಲುಬಿಗೂ ಒತ್ತಿಕೊಂಡು ಆಲಿಸುವ ಹಳೆಯ ಮೇಸ್ತ್ರಿಗಳ ಪದ್ಧತಿಯನ್ನು ಕಂಡು ನಗುವವರುಂಟು. ಯಾವ ಬೇರಿಂಗಿನ ನೇರದಲ್ಲಿ ಸದ್ದು ಜೋರಾಗುತ್ತದೆಂಬುದನ್ನು ಬೇರೆ ಯಾವ ಉಪಕರಣವೂ ಇಷ್ಟು ಸುಲಭವಾಗಿ ಹೇಳಲಾರದು.

ಹಳೆಯ ಬುಲೆಟ್ಟಿನವರಿಗೆ ಈ ಶ್ರವಣಪರೀಕ್ಷೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಬಲಗಾಲಿನಲ್ಲಿ ಗೇರು ಹಾಕುವ ಆ ನಾಲ್ಕು ಗೇರಿನ ಆಲ್ಬಿಯನ್ ಪೆಟ್ಟಿಗೆಯಲ್ಲಿ ನಾಲ್ಕನೆಯ ಗೇರು ನೇರವಾದದ್ದು: ಅಲ್ಲಿ ಶಕ್ತಿಯು ಕೆಳಗಿನ ದಂಡಕ್ಕೆ ಇಳಿಯದೆ ಮೇಲಿನಿಂದಲೇ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಮೊದಲ ಮೂರು ಗೇರುಗಳಲ್ಲಿ ಗೋಳಿಡುತ್ತಿದ್ದ ಪೆಟ್ಟಿಗೆ ನಾಲ್ಕನೆಯದಕ್ಕೆ ಬಂದೊಡನೆ ಮೌನವಾದರೆ ಕೆಳಗಿನ ದಂಡದ ಬುಷ್ಷುಗಳು ಸವೆದಿವೆ ಎಂದು ನಿಶ್ಚಯಿಸಬಹುದು. ಇದೇ ಪೆಟ್ಟಿಗೆಯಲ್ಲಿ ಎರಡು ಗೇರುಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಕ್ಕಿ ಸವಾರನನ್ನು ಕಂಗಾಲು ಮಾಡುವುದು ಪ್ರಸಿದ್ಧವಾದ ಉಪದ್ರವ. ಇದಕ್ಕಾಗಿ ಪೆಟ್ಟಿಗೆಯನ್ನು ಬಿಚ್ಚಿ ಹಾಳುಮಾಡಿಕೊಂಡವರು ಎಷ್ಟೋ ಮಂದಿ. ಕಾಲಿನ ಲಿವರಿನ ಓಟವನ್ನು ತಡೆದು ನಿಲ್ಲಿಸುವ ತಗಡಿನ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಮೇಲೆ ಹೋಗುವಾಗಲೂ ಕೆಳಗೆ ಬರುವಾಗಲೂ ಗೇರು ಸಮನಾಗಿ ಬೀಳುವ ತನಕ ತಾಳ್ಮೆಯಿಂದ ಹೊಂದಿಸಿದರೆ ಅನೇಕ ವೇಳೆ ಉಪದ್ರವ ಅಲ್ಲಿಗೇ ಶಾಂತವಾಗುತ್ತದೆ. ಎಡಗಡೆಯ ಒಳಚೈನಿನ ಸಡಿಲು ಕಾಲು ಅಂಗುಲದಷ್ಟಿರಬೇಕು. ಅದು ಮೀರಿದರೆ ಬರುವ ಚಟಪಟ ಸದ್ದನ್ನೂ ಗೇರಿನದೆಂದೇ ತಿಳಿಯುವವರಿದ್ದಾರೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ತನಕ ತಯಾರಾದ ಜಾವಾ ಮತ್ತು ಯೆಜ್ಡಿಗಳು ಈಗಲೂ ನಮ್ಮ ಊರುಗಳಲ್ಲಿ ಓಡಾಡಿಕೊಂಡಿರುವುದರಿಂದ, ಅವುಗಳ ಸ್ವಭಾವವೈಚಿತ್ರ್ಯವನ್ನೂ ಹೇಳಬೇಕು. ಒಂದೇ ಲಿವರು ಗೇರಿಗೂ ಕಿಕ್ಕಿಗೂ ಒದಗುವ ಈ ಗಾಡಿಯಲ್ಲಿ, ಜಾವಾದವರ ವಿಶೇಷ ಏರ್ಪಾಡಿನಂತೆ, ಗೇರ್ ಲಿವರನ್ನು ಒತ್ತಿದೊಡನೆ ಒಳಗಿನ ಒಂದು ಕ್ಯಾಮು ಕ್ಲಚ್ಚನ್ನು ತಾನಾಗಿಯೇ ಬಿಡಿಸುತ್ತದೆ. ಓಡಿಸುವಾಗ ಕಾಲನ್ನು ಲಿವರಿನ ಮೇಲೆಯೇ ಊರಿಕೊಂಡಿರುವ ಸವಾರನ ಕ್ಲಚ್ಚು ಜಾರಿದರೆ ಆ ದೋಷ ಪ್ಲೇಟುಗಳದ್ದಲ್ಲ. ಮತ್ತೊಂದು ವೈಚಿತ್ರ್ಯವು ಆಯಿಲಿಗೆ ಸಂಬಂಧಿಸಿದ್ದು. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಗೇರಿನ ಆಯಿಲು ಪ್ರತ್ಯೇಕ; ಅದರ ಮತ್ತು ಕ್ರ್ಯಾಂಕಿನ ನಡುವೆ ಇರುವುದು ಒಂದು ರಬ್ಬರಿನ ಸೀಲು. ಕೆಳಗೆ ಒಂದು ತೊಟ್ಟೂ ಸೋರದೆ ಗೇರಿನ ಆಯಿಲು ದಿನೇ ದಿನೇ ಕಡಮೆಯಾಗುತ್ತ, ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಹೊರಡುತ್ತಿದ್ದರೆ, ಆ ಸೀಲು ಸೋತು ಎಂಜಿನ್ನು ಗೇರಿನ ಆಯಿಲನ್ನು ಹೀರಿ ಸುಡುತ್ತಿದೆ. ಪೆಟ್ರೋಲಿಗೆ ಬೆರೆಸಿದ ಆಯಿಲು ಹೆಚ್ಚಾಯಿತೆಂದು ಅದನ್ನು ತಗ್ಗಿಸಿ ಪಿಸ್ಟನ್ನು ಹಿಡಿಯುವಂತೆ ಮಾಡಿಕೊಳ್ಳುವುದಕ್ಕಿಂತ, ಗೇರಿನ ಆಯಿಲಿನ ಮಟ್ಟವನ್ನು ಮೊದಲು ನೋಡುವುದು ಜಾಣತನ.

ಆಯಿಲು ಮಾತಾಡಬಲ್ಲ ಸಾಕ್ಷಿ. ಅದನ್ನು ಚರಂಡಿಗೆ ಚೆಲ್ಲುವ ಮುನ್ನ ವಿಚಾರಣೆ ಮಾಡಬೇಕು. ಚರಂಡಿಗೆ ಚೆಲ್ಲುವುದೇ ತಪ್ಪೆಂಬುದು ಬೇರೆ ಮಾತು. ಎಂಜಿನ್ನು ಬೆಚ್ಚಗಿರುವಾಗ ಡ್ರೈನ್ ಬೋಲ್ಟು ತೆಗೆದು, ಬಿಳಿಯ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ. ಬೋಲ್ಟಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದುಬಣ್ಣದ ನುಣ್ಣನೆಯ ಕೆಸರು ಸಹಜವಾದ ಸವೆತ. ಹೊಂಬಣ್ಣದ ಮಿನುಗು ಕಂಡರೆ ಬುಷ್ಷು ಸವೆಯುತ್ತಿದೆ. ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಮಲೆನಾಡಿನ ಮಳೆಯಲ್ಲಿ ಹಳ್ಳ ದಾಟಿದವರಿಗೂ, ನೀರಿನ ಪಂಪಿನಿಂದ ಗಾಡಿ ತೊಳೆಸುವವರಿಗೂ ಇದು ಪರಿಚಿತ. ಸುಟ್ಟ ವಾಸನೆ ಬಂದರೆ ಕ್ಲಚ್ಚು ಬೆಂದಿದೆ. ಆದರೆ ಕೈಯಲ್ಲಿ ಹಿಡಿದು ನೋಡುವಷ್ಟು ದೊಡ್ಡದಾದ, ಅಂಚು ಚೂಪಾದ ಉಕ್ಕಿನ ಚೂರು ಸಿಕ್ಕಿದರೆ, ಅಲ್ಲಿಗೆ ಎಲ್ಲ ಹೊರಗಿನ ಪರೀಕ್ಷೆಗಳೂ ಮುಗಿದವು: ಹೊಸ ಆಯಿಲು ತುಂಬಿ ಇನ್ನೊಂದು ವಾರ ಓಡಿಸಿ ನೋಡೋಣವೆಂಬ ಆಸೆಗೆ ಅವಕಾಶ ಕೊಡಬಾರದು. ಮುರಿದ ತುಂಡು ಎರಡು ಚಕ್ರಗಳ ನಡುವೆ ಸಿಕ್ಕಿ ಓಡುತ್ತಿರುವ ಗಾಡಿಯ ಹಿಂದಿನ ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲುದು. ಅಂಥ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡೇ ಗ್ಯಾರೇಜಿಗೆ ಒಯ್ಯತಕ್ಕದ್ದು.

ಒಯ್ಯುವಾಗ ಆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮೆಕ್ಯಾನಿಕ್ಕಿನ ಕೈಗೆ ಕೊಡಿ. ಯಾವ ಗೇರಿನಲ್ಲಿ, ಕಾದಾಗಲೋ ತಣ್ಣಗಿದ್ದಾಗಲೋ, ಎಳೆಯುವಾಗಲೋ ಬಿಟ್ಟಾಗಲೋ, ಕ್ಲಚ್ಚು ಹಿಡಿದಾಗ ಏನಾಗುತ್ತದೆ ಎಂಬಷ್ಟನ್ನು ಬರೆದು ತೋರಿಸಿ. "ಗೇರ್ ಸರಿಯಿಲ್ಲ" ಎಂದಷ್ಟೇ ಹೇಳಬೇಡಿ. ಕವಚ ಬಿಚ್ಚಿದ ದಿನ ಎದುರಿಗೆ ನಿಂತು ಫೋರ್ಕು, ಬೇರಿಂಗು, ಸೀಲುಗಳನ್ನೆಲ್ಲ ಒಮ್ಮೆಗೇ ನೋಡಿಸಿ, ಸೀಲುಗಳನ್ನು ಸವೆದಿರಲಿ ಬಿಡಲಿ ಹೊಸದು ಹಾಕಿಸಿ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಮನೆಗೆ ತನ್ನಿ.